ಕಲಾಗ್ರಾಮದ ನೆಲದಲ್ಲಿ ಮೂವರು ಸಾಹಿತಿಗಳು

ಕನ್ನಡಕ್ಕೆ ಬಂದ ಜ್ಞಾನಪೀಠ ಪ್ರಶಸ್ತಿಗಳು ಎಷ್ಟು? ಎಂಟು. ರಾಷ್ಟ್ರಕವಿಗಳು ಎಷ್ಟು ಮಂದಿ? ಮೂವರು. ‘ಸಂಸ್ಕಾರ’ ಕಾದಂಬರಿ ಬರೆದವರು ಯಾರು? ಯು.ಆರ್. ಅನಂತಮೂರ್ತಿ. ರಸಪ್ರಶ್ನೆ ಸ್ಪರ್ಧೆಗೆ ಸಿದ್ಧವಾಗುವ ಮಕ್ಕಳು ಇಂಥ ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಉತ್ತರ ಹೇಳಬಲ್ಲರು. ಆದರೆ ಒಬ್ಬ ರಾಷ್ಟ್ರಕವಿ, ಒಬ್ಬ ಜ್ಞಾನಪೀಠ ಪುರಸ್ಕೃತ ಕಾದಂಬರಿಕಾರ ಮತ್ತು ಕನ್ನಡದ ಮೊದಲ ಸಾಲಿನ ದಲಿತ ಕವಿ, ಈ ಮೂವರ ಅಂತ್ಯಕ್ರಿಯೆಯೂ ಬೆಂಗಳೂರಿನ ಒಂದೇ ಜಾಗದಲ್ಲಿ ನಡೆಯಿತು, ಆ ಜಾಗ ಯಾವುದು ಎಂದು ಕೇಳಿ ನೋಡಿ. ಪಕ್ಕದ ನಾಗರಭಾವಿಯ ಹುಡುಗರೂ ತಲೆ ಕೆರೆದುಕೊಂಡಾರು.

ಉತ್ತರ: ಮಲ್ಲತ್ತಹಳ್ಳಿಯ ಕಲಾಗ್ರಾಮ.

ನಗರದ ಪಶ್ಚಿಮಕ್ಕೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮಗ್ಗುಲಿಗಿರುವ ಊರು ಮಲ್ಲತ್ತಹಳ್ಳಿ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ ಇರುವುದೂ ಇಲ್ಲಿಯೇ. ಹಾಗಾಗಿ ಎಂಜಿನಿಯರಿಂಗ್ ಸೀಟಿನ ಚಿಂತೆಯಲ್ಲಿರುವ ತಂದೆತಾಯಂದಿರಿಗೆ ಈ ಹೆಸರು ಚೆನ್ನಾಗಿ ಗೊತ್ತು. ನಾಟಕದ ಹುಚ್ಚಿರುವವರಿಗೆ ಗೊತ್ತಿರುವುದು ಕಲಾಗ್ರಾಮ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ನೆಲೆ ಕಂಡದ್ದು ಅಲ್ಲಿ. 2013ರ ಡಿಸೆಂಬರ್ 23ರಂದು ತೀರಿಕೊಂಡ ಜಿ.ಎಸ್. ಶಿವರುದ್ರಪ್ಪ, 2014ರ ಆಗಸ್ಟ್ 22ರಂದು ತೀರಿಕೊಂಡ ಯು.ಆರ್. ಅನಂತಮೂರ್ತಿ, 2021ರ ಜೂನ್ 11ರಂದು ಕೋವಿಡ್‌ಗೆ ಬಲಿಯಾದ ಸಿದ್ದಲಿಂಗಯ್ಯ – ಮೂವರನ್ನೂ ನಾಡು ಕಳಿಸಿಕೊಟ್ಟದ್ದು ಈ ಆವರಣದಿಂದಲೇ.

ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕವಿಗಳ ಮೂಲೆ ಎಂದೇ ಹೆಸರಾದ ಒಂದು ಭಾಗವಿದೆ. ಅದು ಯಾರೋ ಯೋಜನೆ ಹಾಕಿ ಮಾಡಿದ್ದೇನಲ್ಲ. 1400ರಲ್ಲಿ ತೀರಿಕೊಂಡ ಚಾಸರ್‌ನನ್ನು ಅಲ್ಲಿ ಮಣ್ಣು ಮಾಡಿದ್ದು ಅವನು ಕವಿ ಎಂಬ ಕಾರಣಕ್ಕಲ್ಲ. ಅರಸನ ನೌಕರಿಯಲ್ಲಿದ್ದವನು, ಅಬೆಯ ಆವರಣದ ಮನೆಯಲ್ಲೇ ಬಾಡಿಗೆಗಿದ್ದವನು ಎಂಬ ಕಾರಣಕ್ಕೆ. ಸುಮಾರು ಇನ್ನೂರು ವರ್ಷಗಳ ನಂತರ, 1599ರಲ್ಲಿ, ಸ್ಪೆನ್ಸರ್ ಕವಿಯನ್ನು ಅವನ ಹತ್ತಿರ ಹೂಳಿದ ಮೇಲೆ ಅದೊಂದು ಸಂಪ್ರದಾಯವಾಯಿತು. ಷೇಕ್ಸ್‌ಪಿಯರ್ ಮಾತ್ರ ಅಲ್ಲಿಲ್ಲ, ಅವನದು ಹುಟ್ಟೂರಾದ ಸ್ಟ್ರಾಟ್‌ಫರ್ಡ್‌ನಲ್ಲಿದೆ. ಅಬೆಯಲ್ಲಿರುವುದು ಬರಿಯ ಸ್ಮಾರಕ. ನಮ್ಮ ಕುವೆಂಪು ಅವರೂ ಹೀಗೆಯೇ. 1994ರಲ್ಲಿ ಮೈಸೂರಿನಲ್ಲಿ ತೀರಿಕೊಂಡರೂ ತಾವು ಬೆಳೆದ ಊರು ಕುಪ್ಪಳಿಯ ಕವಿಶೈಲಕ್ಕೆ ಮರಳಿದರು. ಗಿರೀಶ ಕಾರ್ನಾಡರದು ಮತ್ತೊಂದು ದಾರಿ. ಸರ್ಕಾರಿ ಗೌರವವೇ ಬೇಡವೆಂದು ಮೊದಲೇ ತಿಳಿಸಿದ್ದರು. 2019ರಲ್ಲಿ ಅವರ ಅಂತ್ಯಕ್ರಿಯೆ ಬೆಂಗಳೂರಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಸದ್ದಿಲ್ಲದೆ ನಡೆದುಹೋಯಿತು.

ಮಲ್ಲತ್ತಹಳ್ಳಿಯ ಮೂವರಲ್ಲಿ ಹಿರಿಯರು ಜಿಎಸ್ಸೆಸ್. 1926ರ ಫೆಬ್ರವರಿ 7ರಂದು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಹುಟ್ಟಿದರು. 1942ರ ಚಳವಳಿಯಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡ ಊರು ಅದು. ಮೈಸೂರಿನಲ್ಲಿ ಕುವೆಂಪು ಅವರ ಶಿಷ್ಯರಾಗಿ, ಅವರ ಮಾರ್ಗದರ್ಶನದಲ್ಲಿಯೇ ‘ಸೌಂದರ್ಯ ಸಮೀಕ್ಷೆ’ ಎಂಬ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಮೊದಲ ಕವನ ಸಂಕಲನ ‘ಸಾಮಗಾನ’ ಬಂದದ್ದು 1951ರಲ್ಲಿ. 2006ರ ನವೆಂಬರ್ 1ರಂದು ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಘೋಷಿಸಿತು. ಅವರಿಗಿಂತ ಮೊದಲು ಆ ಗೌರವ ಪಡೆದವರು ಕುವೆಂಪು ಮತ್ತು ಮಂಜೇಶ್ವರದ ಗೋವಿಂದ ಪೈ. ಗೋವಿಂದ ಪೈಗಳ ಮಂಜೇಶ್ವರ ಇರುವುದು ಇಂದಿನ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಅವರಿಗೆ ಆ ಪದವಿ ಕೊಟ್ಟದ್ದು 1949ರಲ್ಲಿ ಅಂದಿನ ಮದ್ರಾಸ್ ಸರ್ಕಾರ. ಕನ್ನಡದ ಮೊದಲ ರಾಷ್ಟ್ರಕವಿ ಇಂದಿನ ಕರ್ನಾಟಕದ ಗಡಿಯಾಚೆಯವರು ಎಂಬುದು ರಸಪ್ರಶ್ನೆಗೆ ಒಳ್ಳೆಯ ಸರಕು.

ಇಷ್ಟು ಸಾಲು ಯಾವ ಗೈಡಿನಲ್ಲೂ ಸಿಗುತ್ತದೆ. ಸಿಗದಿರುವುದು ಅವರು ಮೇಷ್ಟರಾಗಿ ಮಾಡಿದ ಕೆಲಸ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ 1966ರಲ್ಲಿ ಬೆಂಗಳೂರಿಗೆ ಬಂದ ಶಿವರುದ್ರಪ್ಪನವರು ಇಲ್ಲಿನ ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಹಲವು ವಿದ್ವಾಂಸರನ್ನು ಸೇರಿಸಿಕೊಂಡು ‘ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ’ಯ ಸಂಪುಟಗಳನ್ನು ಹೊರತಂದರು. ಎಂಟನೆಯ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರು ಸುಮಾರು ಎರಡು ದಶಕ ಪಾಠ ಹೇಳಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ತಮ್ಮಂತೆ ಬರೆಯದವರಿಗೂ ಜಾಗ ಕೊಡುವುದು ಮೇಷ್ಟರಿಗೆ ಸುಲಭವಲ್ಲ. ನವೋದಯದ ಮೆಲುದನಿಯ ಈ ಕವಿಯ ಕೇಂದ್ರದಲ್ಲಿಯೇ 1970ರ ದಶಕದ ಮಧ್ಯಭಾಗದಲ್ಲಿ ಎಂ.ಎ. ಓದಿದ ಒಬ್ಬ ಹುಡುಗ, ಕನ್ನಡ ಕಾವ್ಯ ಅದುವರೆಗೆ ಕೇಳದಿದ್ದ ಗಟ್ಟಿ ದನಿಯಲ್ಲಿ ಹಾಡತೊಡಗಿದ. ಅವನೇ ಸಿದ್ದಲಿಂಗಯ್ಯ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರ ಫೆಬ್ರವರಿ 3ರಂದು ಹುಟ್ಟಿದವರು ಸಿದ್ದಲಿಂಗಯ್ಯ. ಅವರ ಆತ್ಮಕಥೆ ‘ಊರುಕೇರಿ’ಯ ಮೊದಲ ಪುಟಗಳಲ್ಲೇ ಒಂದು ದೃಶ್ಯ ಬರುತ್ತದೆ. ಊರಿನ ಹೊಲವೊಂದರಲ್ಲಿ ಎತ್ತುಗಳ ಬದಲು ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ ಮೊದಮೊದಲು ಅದೊಂದು ಮೋಜು. ಆಮೇಲೆ ಗೊತ್ತಾಗುತ್ತದೆ, ನೊಗ ಹೊತ್ತ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ. ಬೇರೆ ಯಾರಾದರೂ ಇಲ್ಲಿ ಪುಟಗಟ್ಟಲೆ ಅತ್ತು ಬಿಡುತ್ತಿದ್ದರು. ಸಿದ್ದಲಿಂಗಯ್ಯ ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ನಡೆಯುತ್ತಾರೆ, ಮುಂದಿನ ಪುಟಗಳಲ್ಲಿ ಓದುಗ ಬಿದ್ದು ಬಿದ್ದು ನಗುವಂತೆ ಮಾಡುತ್ತಾರೆ. ಬೆಂಗಳೂರಿನ ಶ್ರೀರಾಮಪುರದ ದಿನಗಳು, ಹಾಸ್ಟೆಲ್ ಜೀವನ, ಭಾಷಣದ ಹುಚ್ಚು ಎಲ್ಲವೂ ಅಲ್ಲಿವೆ. ಗಲಾಟೆಯಿಲ್ಲದ ಜಾಗ ಹುಡುಕಿಕೊಂಡು ಸ್ಮಶಾನಕ್ಕೆ ಹೋಗಿ ಕೂತು ಓದುತ್ತಿದ್ದ ಹುಡುಗ ಅವರು. ಮನೆಯಲ್ಲಿ ಓದಲು ಪ್ರತ್ಯೇಕ ಕೋಣೆಯಿಲ್ಲ ಎಂದು ಗೊಣಗುವ ಮಕ್ಕಳಿಗೆ ಈ ಪುಟಗಳನ್ನು ಓದಿ ಹೇಳಬಹುದು.

1975ರಲ್ಲಿ ಬಂದ ಅವರ ಮೊದಲ ಸಂಕಲನ ‘ಹೊಲೆಮಾದಿಗರ ಹಾಡು’ ಸಭೆಗಳಲ್ಲಿ, ಮೆರವಣಿಗೆಗಳಲ್ಲಿ, ಹಳ್ಳಿಯ ಬಯಲುಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಅವರೊಂದಿಗೆ ಇವರೂ ಒಬ್ಬರು. ಅದೇ ಲೇಖನಿ ಪುಟ್ಟಣ್ಣ ಕಣಗಾಲರ ‘ಧರಣಿ ಮಂಡಲ ಮಧ್ಯದೊಳಗೆ’ ಚಿತ್ರಕ್ಕೆ ಪ್ರೇಮಗೀತೆಯನ್ನೂ ಬರೆಯಿತು, ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. ಮುಂದೆ ತಾವು ಓದಿದ ಕೇಂದ್ರದಲ್ಲೇ ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿನ ಸದಸ್ಯರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪದ್ಮಶ್ರೀ ಬಂದದ್ದು ಮಾತ್ರ ಅವರು ಹೋದ ಮೇಲೆ, 2022ರಲ್ಲಿ.

ಇನ್ನು ಅನಂತಮೂರ್ತಿ. 1932ರ ಡಿಸೆಂಬರ್ 21ರಂದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನನ. ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಿಂದ ಹೊರಟ ವಿದ್ಯಾಭ್ಯಾಸ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ತನಕ ಹೋಯಿತು. ಅಲ್ಲಿ ಸಂಶೋಧನೆಯಲ್ಲಿದ್ದಾಗ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ ಜೊತೆಗೆ ಸ್ವೀಡನ್ನಿನ ಬರ್ಗ್‌ಮನ್ ನಿರ್ದೇಶಿಸಿದ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದರು. ಭಾಷೆ ತಿಳಿಯದು, ಕೆಳಗೆ ಇಂಗ್ಲಿಷ್ ಅಕ್ಷರಗಳೂ ಇರಲಿಲ್ಲ. ಪ್ಲೇಗಿನ ಕಾಲದ ಯುರೋಪಿನ ಆ ಕಥೆ ನೋಡಿ ಅವರಿಗೆ ಹೊಳೆದದ್ದು, ಯುರೋಪಿನವನು ಮಧ್ಯಯುಗವನ್ನು ಪುಸ್ತಕದಿಂದ ಕಲಿಯಬೇಕು, ಭಾರತೀಯನ ನೆನಪಿನಲ್ಲಾದರೋ ಹಲವು ಶತಮಾನಗಳು ಒಟ್ಟಿಗೇ ಬದುಕಿವೆ ಎಂಬುದು. ಹಾಗಿದ್ದರೆ ಅದನ್ನೇ ಬರೆಯಿರಿ ಎಂದರಂತೆ ಬ್ರಾಡ್‌ಬರಿ. ಹಾಗೆ ಪರದೇಶದಲ್ಲಿ ಕೂತು ಬರೆದ ಮಲೆನಾಡಿನ ಅಗ್ರಹಾರದ ಕಥೆ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು.

ಕಥೆ ಏನು? ಆಚಾರ ಮುರಿದ ನಾರಣಪ್ಪ ಪ್ಲೇಗಿನಿಂದ ಸತ್ತಿದ್ದಾನೆ. ಅವನ ಶವಸಂಸ್ಕಾರ ಯಾರು ಮಾಡಬೇಕು? ಶಾಸ್ತ್ರ ಬಲ್ಲ ಪ್ರಾಣೇಶಾಚಾರ್ಯರಿಗೂ ಉತ್ತರ ತೋಚದು. ಶವ ಎತ್ತುವ ತನಕ ಅಗ್ರಹಾರದವರು ಊಟ ಮಾಡುವಂತಿಲ್ಲ. ಅವನ ಜೊತೆ ಬಾಳಿದ ಚಂದ್ರಿ ತನ್ನ ಒಡವೆ ಬಿಚ್ಚಿಟ್ಟಾಗ ಮಾತ್ರ ಕೆಲವರ ಬಾಯಲ್ಲಿ ನೀರೂರುತ್ತದೆ. ಕೊನೆಗೆ ಯಾರಿಗೂ ತಿಳಿಯದಂತೆ ರಾತ್ರಿಯಲ್ಲಿ ಶವ ಸುಟ್ಟು ಬರುವುದು ಚಂದ್ರಿಯ ಕರೆಗೆ ಓಗೊಟ್ಟ ಒಬ್ಬ ಮುಸಲ್ಮಾನ ವ್ಯಾಪಾರಿ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಚಲನಚಿತ್ರ ಮಾಡಿದರು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್. ಮೊದಲು ಸೆನ್ಸಾರ್ ಮಂಡಳಿ ತಡೆಯಿತು, ಆಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಪದಕ ಪಡೆಯಿತು. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರಲ್ಲಿ ಬಂದ ಮೇಲೆ ಕಾದಂಬರಿ ಹೊರದೇಶಗಳ ತರಗತಿಗಳನ್ನೂ ಸೇರಿತು.

ಇಲ್ಲಿ ಪರೀಕ್ಷೆಗೆ ಕೂರುವವರಿಗೆ ಒಂದು ಎಚ್ಚರಿಕೆ. ‘ಸಂಸ್ಕಾರಕ್ಕೆ ಜ್ಞಾನಪೀಠ ಬಂತು’ ಎಂದು ಬರೆದರೆ ಅದು ತಪ್ಪು. 1982ಕ್ಕಿಂತ ಮೊದಲು ಆ ಪ್ರಶಸ್ತಿಯನ್ನು ಒಂದು ನಿರ್ದಿಷ್ಟ ಕೃತಿಗೆ ಕೊಡುತ್ತಿದ್ದರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’, ಬೇಂದ್ರೆಯವರ ‘ನಾಕು ತಂತಿ’, ಕಾರಂತರ ‘ಮೂಕಜ್ಜಿಯ ಕನಸುಗಳು’ ಆ ಕಾಲದವು. ಆಮೇಲೆ ನಿಯಮ ಬದಲಾಗಿ ಲೇಖಕರ ಸಮಗ್ರ ಸಾಧನೆಗೆ ಕೊಡುವ ಪದ್ಧತಿ ಬಂತು. ಅನಂತಮೂರ್ತಿಯವರಿಗೆ 1994ರಲ್ಲಿ ಸಂದದ್ದು ಹಾಗೆ. ತಮಾಷೆಯೆಂದರೆ ಬೂಕರ್‌ನ ಅಂತರರಾಷ್ಟ್ರೀಯ ಪ್ರಶಸ್ತಿ ಇದಕ್ಕೆ ತಿರುಗುಮುರುಗಾಗಿ ನಡೆದಿದೆ. ಅನಂತಮೂರ್ತಿ 2013ರಲ್ಲಿ ಅದರ ಅಂತಿಮ ಪಟ್ಟಿಯಲ್ಲಿದ್ದಾಗ ಅದು ಸಮಗ್ರ ಸಾಧನೆಯ ಪ್ರಶಸ್ತಿ. 2016ರಿಂದ ಅದು ಇಂಗ್ಲಿಷಿಗೆ ಅನುವಾದವಾದ ಒಂದು ಪುಸ್ತಕಕ್ಕೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ಅದನ್ನು ಗೆದ್ದದ್ದು ಈ ಹೊಸ ನಿಯಮದಲ್ಲಿ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ.

ಕಲಾಗ್ರಾಮದ ವಿಷಯಕ್ಕೆ ಬರೋಣ. ಹಳೆಯ ಕಾಲದ ನಮ್ಮ ಹಳ್ಳಿಗಳಲ್ಲಿ ಊರಿಗೊಂದು ಬಾವಿ, ಕೇರಿಗೊಂದು ಬಾವಿ ಇದ್ದಂತೆ ಸುಡುಗಾಡೂ ಬೇರೆ ಬೇರೆ. ‘ಸಂಸ್ಕಾರ’ದ ತೊಡಕು ಹುಟ್ಟುವುದು ಹೆಣವನ್ನು ಯಾರು ಮುಟ್ಟಬೇಕು ಎಂಬಲ್ಲಿ, ಸಿದ್ದಲಿಂಗಯ್ಯನವರ ಆತ್ಮಕಥೆಯ ಹೆಸರಿನಲ್ಲೇ ಆ ಎರಡು ಪಾಲುಗಳಿವೆ, ಊರು ಮತ್ತು ಕೇರಿ. ಅದನ್ನು ಬರೆದ ಅಗ್ರಹಾರದ ಮಗನಿಗೂ ಕೇರಿಯ ಮಗನಿಗೂ ಇಲ್ಲಿ ದೊರೆತದ್ದು ಒಂದೇ ನೆಲ, ಒಂದೇ ಸರ್ಕಾರಿ ಗೌರವ. ಇವರಿಗಿಂತ ಮೊದಲು ಅಲ್ಲಿಗೆ ಬಂದವರು, ಒಬ್ಬರ ಕಾವ್ಯವನ್ನು ಬೆಳೆಯಲು ಬಿಟ್ಟ ಮೇಷ್ಟರು. ವಿಶ್ವವಿದ್ಯಾಲಯದ ಮಗ್ಗುಲಿನ ಖಾಲಿ ಜಾಗವೊಂದಕ್ಕೆ ಬಂದ ಈ ಅರ್ಥ ಪ್ರಶಸ್ತಿಗಳ ಪಟ್ಟಿಯಿಂದ ಹೊಳೆಯುವಂಥದ್ದಲ್ಲ. ಪುಸ್ತಕ ಓದಿದವರಿಗೆ ಮಾತ್ರ ಹೊಳೆಯುತ್ತದೆ.

ಯಾವುದರಿಂದ ಶುರು ಮಾಡಬೇಕು ಎಂದು ಕೇಳುವ ತಂದೆತಾಯಂದಿರಿಗೆ: ಹೈಸ್ಕೂಲಿನ ಮಕ್ಕಳಿಗೆ ‘ಊರುಕೇರಿ’ಯೇ ಸರಿ. ಭಾಷೆ ಸರಳ, ಅಧ್ಯಾಯಗಳು ಚಿಕ್ಕವು, ನಗು ಬೇಕಾದಷ್ಟಿದೆ. ಶಿವರುದ್ರಪ್ಪನವರ ಪದ್ಯಗಳನ್ನು ಸಿ. ಅಶ್ವಥ್ ಮೊದಲಾದವರ ಗಾಯನದಲ್ಲಿ ಮಕ್ಕಳು ಆಗಲೇ ಕೇಳಿರುತ್ತಾರೆ. ಕೇಳಿದ್ದನ್ನು ಪುಸ್ತಕದಲ್ಲಿ ಹುಡುಕಿಸಿ. ‘ಸಂಸ್ಕಾರ’ಕ್ಕೆ ಪಿಯುಸಿ ಮುಗಿಯಲಿ. ಅದಕ್ಕಿಂತ ಮೊದಲು ಬೇಕೆಂದರೆ ಅನಂತಮೂರ್ತಿಯವರ ‘ಸೂರ್ಯನ ಕುದುರೆ’ ಎಂಬ ಸಣ್ಣಕಥೆ ಇದೆ, ಒಂದು ಸಂಜೆಯಲ್ಲಿ ಓದಿ ಮುಗಿಸುವಷ್ಟು.