ವಸ್ತುಸಂಗ್ರಹಾಲಯಕ್ಕೆ ಎರಡು ಬೀಗ: ನಿಯಮ ಪಾಲಿಸಿದರೆ ಭದ್ರತೆ ಬಂದೀತೇ?

ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ 2025ರ ಅಕ್ಟೋಬರ್ 19ರಂದು ಹಾಡಹಗಲೇ ನಡೆದ ಕಳ್ಳತನ ಇಡೀ ಜಗತ್ತಿನ ಗಮನ ಸೆಳೆದಿತ್ತು. ವಾಹನಕ್ಕೆ ಜೋಡಿಸಿದ ಏಣಿಯ ಮೂಲಕ ಮಹಡಿಗೇರಿದ ಕಳ್ಳರು ಎಂಟು ನಿಮಿಷಗಳೊಳಗೆ ಸುಮಾರು 8.8 ಕೋಟಿ ಯೂರೊ ಮೌಲ್ಯದ ರಾಜಾಭರಣಗಳೊಂದಿಗೆ ಪರಾರಿಯಾದರು. ಕೆಲವೇ ದಿನಗಳ ನಂತರ ಫ್ರಾನ್ಸ್‌ನ ‘ಲಿಬೆರಾಸಿಯೋಂ’ ಪತ್ರಿಕೆಯು ಹೊರಗೆಡಹಿದ ಹಳೆಯ ವರದಿಯೊಂದು ಕಳ್ಳತನದಷ್ಟೇ ಚರ್ಚೆಗೆ ಗ್ರಾಸವಾಯಿತು.

ಅಲ್ಲಿನ ರಾಷ್ಟ್ರೀಯ ಸೈಬರ್ ಭದ್ರತಾ ಸಂಸ್ಥೆಯು 2014ರಲ್ಲಿ ಲೂವ್ರ್‌ನ ಗಣಕಯಂತ್ರ ಜಾಲವನ್ನು ಪರಿಶೀಲಿಸಿತ್ತು. ಕಣ್ಗಾವಲು ಕ್ಯಾಮೆರಾಗಳ ಸರ್ವರ್‌ಗೆ ಆಗ ಇದ್ದ ಪಾಸ್‌ವರ್ಡ್ ‘ಲೂವ್ರ್’! ಇನ್ನೊಂದು ಭದ್ರತಾ ತಂತ್ರಾಂಶಕ್ಕೆ ಅದನ್ನು ಪೂರೈಸಿದ ಕಂಪನಿಯ ಹೆಸರೇ ಪಾಸ್‌ವರ್ಡ್ ಆಗಿತ್ತು. 2025ರ ಕಳ್ಳತನಕ್ಕೂ ಈ ಪಾಸ್‌ವರ್ಡ್‌ಗೂ ನೇರ ನಂಟಿತ್ತೆಂದು ಸಿದ್ಧವಾಗಿಲ್ಲ. ಕಳ್ಳರು ಬಂದದ್ದು ಏಣಿಯ ಮೇಲೆ, ಅಂತರ್ಜಾಲದ ಮೂಲಕ ಅಲ್ಲ. ಆದರೆ ಜಗತ್ತಿನಲ್ಲೇ ಅತಿ ಹೆಚ್ಚು ಪ್ರೇಕ್ಷಕರನ್ನು ಕಾಣುವ ವಸ್ತುಸಂಗ್ರಹಾಲಯದಲ್ಲಿ ಪರಿಶೀಲನೆಯೂ ನಡೆದಿತ್ತು, ವರದಿಯೂ ಸಿದ್ಧವಾಗಿತ್ತು. ಪರಿಶೀಲನೆ ನಡೆದ ಮಾತ್ರಕ್ಕೆ ಭದ್ರತೆ ಬಂದುಬಿಡುವುದೇ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಎರಡು ಪದಗಳು, ಎರಡು ಅರ್ಥಗಳು

ಸೈಬರ್ ಭದ್ರತೆ ಮತ್ತು ನಿಯಮ ಪಾಲನೆ ಎಂಬ ಎರಡು ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದು ರೂಢಿಯಾಗಿದೆ. ಆರ್‌ಟಿಒ ಕಚೇರಿಯಲ್ಲಿ ಬಸ್ಸಿಗೆ ಎಫ್‌ಸಿ ಮಾಡಿಸುವುದನ್ನು ನೆನಪಿಸಿಕೊಂಡರೆ ಇವುಗಳ ವ್ಯತ್ಯಾಸ ತಿಳಿಯುತ್ತದೆ. ಪರೀಕ್ಷೆಯ ದಿನ ಬ್ರೇಕ್ ಸರಿಯಿತ್ತು ಎಂಬುದಷ್ಟೇ ಆ ಕಾಗದದ ಅರ್ಥ. ಆರು ತಿಂಗಳ ನಂತರ ಘಾಟಿ ಇಳಿಯುವಾಗ ಬ್ರೇಕ್ ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಕಾಗದ ಹೇಳಲಾರದು. ಎಫ್‌ಸಿ ಇರುವುದು ನಿಯಮ ಪಾಲನೆ. ಪ್ರತಿದಿನ ಹೊರಡುವ ಮುನ್ನ ಚಾಲಕ ಬ್ರೇಕ್ ಒತ್ತಿ ನೋಡುವುದು ಭದ್ರತೆ. ಎರಡೂ ಅಗತ್ಯವೇ. ಆದರೆ ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಎಂದು ಭಾವಿಸಿದಾಗ ಅಪಾಯ ಆರಂಭವಾಗುತ್ತದೆ.

ಕದಿಯಲು ಏನಿದೆ?

ಹಳೆಯ ವಿಗ್ರಹ, ನಾಣ್ಯ, ತಾಮ್ರಪಟಗಳಿರುವ ಕಟ್ಟಡಕ್ಕೆ ಹ್ಯಾಕರ್‌ಗಳಿಂದ ಏನು ಭಯ ಎಂದು ಅನೇಕರಿಗೆ ಅನ್ನಿಸಬಹುದು. ವಾಸ್ತವವಾಗಿ ಇಂದಿನ ವಸ್ತುಸಂಗ್ರಹಾಲಯದ ಗಣಕಯಂತ್ರಗಳಲ್ಲಿ ನಾಲ್ಕು ಬಗೆಯ ಮಾಹಿತಿ ಇರುತ್ತದೆ.

ಮೊದಲನೆಯದು ಜನರ ಮಾಹಿತಿ. ಆನ್‌ಲೈನ್ ಟಿಕೆಟ್ ಕೊಂಡವರ ದೂರವಾಣಿ ಸಂಖ್ಯೆ, ಸದಸ್ಯರ ಮತ್ತು ದಾನಿಗಳ ವಿಳಾಸ, ಸಿಬ್ಬಂದಿಯ ವೇತನ ವಿವರ ಇದರಲ್ಲಿ ಸೇರುತ್ತವೆ. ಎರಡನೆಯದು ಹಣದ ವ್ಯವಹಾರ. ಮೂರನೆಯದು ಕ್ಯಾಮೆರಾ, ಎಚ್ಚರಿಕೆ ಗಂಟೆ, ಬಾಗಿಲು ಮತ್ತು ಉಷ್ಣಾಂಶ ನಿಯಂತ್ರಣ ವ್ಯವಸ್ಥೆ. ತಾಳೆಗರಿ ಮತ್ತು ಹಳೆಯ ವರ್ಣಚಿತ್ರಗಳ ಆಯುಷ್ಯ ಕೋಣೆಯ ತೇವಾಂಶವನ್ನು ಅವಲಂಬಿಸಿರುತ್ತದೆ. ನಾಲ್ಕನೆಯದು ವಸ್ತುಗಳ ದಾಖಲೆ. ಯಾವ ವಸ್ತು ಎಲ್ಲಿ ದೊರೆಯಿತು, ಯಾರು ಕೊಟ್ಟರು, ವಿಮೆಯ ಮೌಲ್ಯವೆಷ್ಟು, ಉಗ್ರಾಣದ ಯಾವ ಕಪಾಟಿನಲ್ಲಿದೆ ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಕಳ್ಳನಿಗೆ ಇದಕ್ಕಿಂತ ಉತ್ತಮ ನಕ್ಷೆ ಬೇಕಿಲ್ಲ.

ಮೂರನೆಯ ಬಗೆಗೆ ಪ್ಯಾರಿಸ್‌ನಲ್ಲೇ ಮತ್ತೊಂದು ಉದಾಹರಣೆಯಿದೆ. ಅಲ್ಲಿನ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ 2025ರ ಜುಲೈ ಅಂತ್ಯದಲ್ಲಿ ಸೈಬರ್ ದಾಳಿಗೆ ತುತ್ತಾಯಿತು. ಸೆಪ್ಟೆಂಬರ್‌ನಲ್ಲಿ ಅದೇ ಸಂಸ್ಥೆಯಿಂದ ಸುಮಾರು ಆರು ಕಿಲೋ ನೈಸರ್ಗಿಕ ಚಿನ್ನದ ಮಾದರಿಗಳು ಕಳವಾದವು. ಜುಲೈ ದಾಳಿಯಿಂದ ಎಚ್ಚರಿಕೆ ಮತ್ತು ಕಣ್ಗಾವಲು ವ್ಯವಸ್ಥೆ ಅಸ್ತವ್ಯಸ್ತಗೊಂಡಿತ್ತು ಎಂದು ಫ್ರೆಂಚ್ ಮಾಧ್ಯಮಗಳು ವರದಿ ಮಾಡಿದ್ದವು. ಗಣಕಯಂತ್ರದ ಬೀಗವೂ ಬಾಗಿಲಿನ ಬೀಗವೂ ಈಗ ಬೇರೆ ಬೇರೆಯಾಗಿ ಉಳಿದಿಲ್ಲ.

ಪ್ರಮಾಣಪತ್ರ ಕಳೆದುಕೊಂಡ ಗ್ರಂಥಾಲಯ

ಭದ್ರತೆ ಮತ್ತು ನಿಯಮ ಪಾಲನೆಯ ನಡುವಿನ ಅಂತರವನ್ನು ಅತ್ಯಂತ ಪ್ರಾಮಾಣಿಕವಾಗಿ ಬಿಡಿಸಿಟ್ಟ ಸಂಸ್ಥೆ ಲಂಡನ್ನಿನ ಬ್ರಿಟಿಷ್ ಲೈಬ್ರರಿ. 1973ರವರೆಗೆ ಬ್ರಿಟಿಷ್ ಮ್ಯೂಸಿಯಂನ ಭಾಗವಾಗಿದ್ದ ಈ ಗ್ರಂಥಾಲಯ ಇಂದಿಗೂ ಮ್ಯಾಗ್ನಾ ಕಾರ್ಟಾದಂತಹ ಅಮೂಲ್ಯ ಹಸ್ತಪ್ರತಿಗಳನ್ನು ಕಾಪಾಡುತ್ತಿದೆ.

2023ರ ಅಕ್ಟೋಬರ್ 28ರಂದು ‘ರೈಸಿಡಾ’ ಎಂಬ ಗುಂಪು ಈ ಗ್ರಂಥಾಲಯದ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಸಿತು. ಕಡತಗಳಿಗೆ ಗುಪ್ತಲಿಪಿಯ ಬೀಗ ಜಡಿದು, ಬಿಚ್ಚಲು ಹಣ ಕೇಳುವ ಕುತಂತ್ರಾಂಶವಿದು. ಗ್ರಂಥಾಲಯ ಹಣ ತೆರಲು ನಿರಾಕರಿಸಿತು. ಸುಮಾರು 600 ಗಿಗಾಬೈಟ್ ಮಾಹಿತಿಯನ್ನು ದುಷ್ಕರ್ಮಿಗಳು ಬಹಿರಂಗಗೊಳಿಸಿದರು. ಮುಖ್ಯ ಸೂಚಿಯು ಓದುಗರಿಗೆ ಮರಳಿ ದೊರೆತದ್ದು 2024ರ ಜನವರಿ 15ರಂದು, ಅದೂ ಸೀಮಿತ ರೂಪದಲ್ಲಿ.

2024ರ ಮಾರ್ಚ್‌ನಲ್ಲಿ ಗ್ರಂಥಾಲಯವೇ ಪ್ರಕಟಿಸಿದ ವರದಿಯಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಒಂದು, ಹೊರಗಿನ ಗುತ್ತಿಗೆದಾರರು ದೂರದಿಂದ ಕೆಲಸ ಮಾಡಲೆಂದು 2020ರಲ್ಲಿ ಸ್ಥಾಪಿಸಿದ ಸರ್ವರ್‌ನ ಮೂಲಕ ದಾಳಿಕೋರರು ಒಳನುಗ್ಗಿರುವ ಸಂಭವವೇ ಹೆಚ್ಚು. ಬ್ಯಾಂಕ್ ವ್ಯವಹಾರದಲ್ಲಿ ಪಾಸ್‌ವರ್ಡ್ ಜೊತೆಗೆ ಮೊಬೈಲ್‌ಗೆ ಒಟಿಪಿ ಬರುವಂತಹ ಎರಡನೆಯ ತಪಾಸಣೆ ಆ ಬಾಗಿಲಿಗೆ ಇರಲಿಲ್ಲ. ಎರಡು, ಡಿಜಿಟಲ್ ಸಂಗ್ರಹದ ಪ್ರತಿಗಳೇನೋ ಸುರಕ್ಷಿತವಾಗಿದ್ದವು. ಆದರೆ ಅವನ್ನು ಮರಳಿ ಸ್ಥಾಪಿಸಲು ಸುಸ್ಥಿತಿಯಲ್ಲಿರುವ ವ್ಯವಸ್ಥೆಯೇ ಉಳಿದಿರಲಿಲ್ಲ. ಹಳೆಯ ತಂತ್ರಾಂಶಗಳು ಹೊಸ ಯಂತ್ರಗಳಲ್ಲಿ ಓಡುವಂತಿರಲಿಲ್ಲ.

ಮೂರನೆಯ ಅಂಶ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಬ್ರಿಟನ್ ಸರ್ಕಾರದ ಬೆಂಬಲವಿರುವ ‘ಸೈಬರ್ ಎಸೆನ್ಷಿಯಲ್ಸ್ ಪ್ಲಸ್’ ಪ್ರಮಾಣಪತ್ರವನ್ನು ಗ್ರಂಥಾಲಯ 2019ರಲ್ಲಿ ಪಡೆದಿತ್ತು. 2022ರಲ್ಲಿ ಅದರ ಮಾನದಂಡ ಬಿಗಿಯಾದಾಗ, ಹಳೆಯ ವ್ಯವಸ್ಥೆಗಳ ಕಾರಣದಿಂದ ಅದು ಅರ್ಹತೆ ಕಳೆದುಕೊಂಡಿತು. ದಾಳಿ ನಡೆದದ್ದು ಮರುವರ್ಷ. ಪ್ರಮಾಣಪತ್ರ ಇಲ್ಲದಿದ್ದುದೇ ದಾಳಿಗೆ ಕಾರಣವಲ್ಲ. ಆದರೆ ಅದು ಕೈತಪ್ಪಿದ್ದು ಒಂದು ರೋಗಲಕ್ಷಣವಾಗಿತ್ತು. ಚಿಕಿತ್ಸೆಗೆ ಮುನ್ನವೇ ರೋಗ ಉಲ್ಬಣಿಸಿತು.

ಹೊರಗುತ್ತಿಗೆಯ ಹಿಂಬಾಗಿಲು

ತನ್ನ ಮನೆಯನ್ನು ಎಷ್ಟೇ ಭದ್ರಪಡಿಸಿಕೊಂಡರೂ ಬೀಗದ ಕೈ ಬೇರೆಯವರ ಬಳಿ ಇದ್ದರೆ ಏನು ಗತಿ? 2023ರ ಡಿಸೆಂಬರ್ ಅಂತ್ಯದಲ್ಲಿ ಅಮೆರಿಕದ ಹಲವು ವಸ್ತುಸಂಗ್ರಹಾಲಯಗಳಿಗೆ ಈ ಅನುಭವವಾಯಿತು. ವಸ್ತುಗಳ ದಾಖಲೆ ನಿರ್ವಹಿಸುವ ತಂತ್ರಾಂಶವನ್ನು ಪೂರೈಸುವ ‘ಗ್ಯಾಲರಿ ಸಿಸ್ಟಮ್ಸ್’ ಕಂಪನಿಯ ಮೇಲೆ ದಾಳಿ ನಡೆದಾಗ ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯ, ನ್ಯೂಯಾರ್ಕಿನ ರೂಬಿನ್, ಅರ್ಕನ್ಸಾದ ಕ್ರಿಸ್ಟಲ್ ಬ್ರಿಜಸ್ ಮೊದಲಾದ ಸಂಸ್ಥೆಗಳ ಆನ್‌ಲೈನ್ ಸಂಗ್ರಹಗಳು ಕಣ್ಮರೆಯಾದವು. ದಾಳಿ ನಡೆದದ್ದು ಒಂದು ಕಡೆ, ಕತ್ತಲೆ ಕವಿದದ್ದು ಹಲವು ಕಡೆ.

ಫ್ರಾನ್ಸ್‌ನಲ್ಲಿ 2024ರ ಆಗಸ್ಟ್‌ನಲ್ಲಿ, ಒಲಿಂಪಿಕ್ಸ್ ನಡೆಯುತ್ತಿದ್ದಾಗಲೇ, ಗ್ರ್ಯಾನ್ ಪಾಲೆ ಸಂಸ್ಥೆಯ ಮೇಲೆ ಇಂತಹದೇ ದಾಳಿಯಾಯಿತು. ಆ ಸಂಸ್ಥೆಯ ಗಣಕಯಂತ್ರ ವ್ಯವಸ್ಥೆಯನ್ನು ಸುಮಾರು 40 ವಸ್ತುಸಂಗ್ರಹಾಲಯಗಳ ಮಾರಾಟ ಮಳಿಗೆಗಳು ಹಂಚಿಕೊಂಡಿದ್ದವು.

ಕೆಲವೊಮ್ಮೆ ತಂತ್ರಜ್ಞಾನವೂ ಬೇಕಿಲ್ಲ, ಒಂದು ಇ-ಮೇಲ್ ಸಾಕು. ನೆದರ್ಲೆಂಡ್ಸ್‌ನ ರೈಕ್ಸ್‌ಮ್ಯೂಸಿಯಂ ಟ್ವೆಂಟೆ ಎಂಬ ಸಂಸ್ಥೆ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ ವರ್ಣಚಿತ್ರವೊಂದನ್ನು ಲಂಡನ್ನಿನ ವ್ಯಾಪಾರಿಯಿಂದ ಕೊಳ್ಳಲು ಪತ್ರವ್ಯವಹಾರ ನಡೆಸಿತ್ತು. ವಂಚಕರು ನಡುವೆ ನುಸುಳಿ, ವ್ಯಾಪಾರಿಯ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆಯ ವಿವರ ಕಳಿಸಿದರು. ಸುಮಾರು 24 ಲಕ್ಷ ಪೌಂಡ್ ಹಾಂಗ್‌ಕಾಂಗ್‌ನ ಖಾತೆಗೆ ಹೋಯಿತು. ತಪ್ಪು ಯಾರದೆಂಬ ವಿವಾದ 2020ರಲ್ಲಿ ಲಂಡನ್ನಿನ ನ್ಯಾಯಾಲಯದವರೆಗೂ ಬಂದಿತ್ತು. ಖಾತೆ ಬದಲಾಗಿದೆ ಎಂದು ಪತ್ರ ಬಂದಾಗ ಮೊದಲೇ ಪರಿಚಿತವಾದ ಸಂಖ್ಯೆಗೆ ಒಂದು ದೂರವಾಣಿ ಕರೆ ಮಾಡಿದ್ದರೆ ಈ ನಷ್ಟ ತಪ್ಪುತ್ತಿತ್ತು.

ದೇಶಕ್ಕೊಂದು ಕಾನೂನು

ಐರೋಪ್ಯ ಒಕ್ಕೂಟ: ಇಲ್ಲಿ ‘ಜಿಡಿಪಿಆರ್’ ಎಂಬ ದತ್ತಾಂಶ ಸಂರಕ್ಷಣಾ ನಿಯಮ 2018ರಿಂದ ಜಾರಿಯಲ್ಲಿದೆ. ವೈಯಕ್ತಿಕ ಮಾಹಿತಿ ಸೋರಿಕೆಯಾಗಿ ಜನರಿಗೆ ಅಪಾಯವಿದ್ದರೆ, ಗೊತ್ತಾದ 72 ಗಂಟೆಗಳೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಭದ್ರತಾ ಲೋಪಕ್ಕೆ 1 ಕೋಟಿ ಯೂರೊ ಅಥವಾ ವಾರ್ಷಿಕ ವಹಿವಾಟಿನ ಶೇ 2ರವರೆಗೆ, ಯಾವುದು ಹೆಚ್ಚೋ ಅಷ್ಟು ದಂಡ ವಿಧಿಸಲು ಅವಕಾಶವಿದೆ.

ಬ್ರಿಟನ್: ಒಕ್ಕೂಟ ತೊರೆದ ನಂತರವೂ 72 ಗಂಟೆಗಳ ನಿಯಮ ಉಳಿದಿದೆ. ಆದರೆ ಸಾರ್ವಜನಿಕ ಸಂಸ್ಥೆಗಳಿಗೆ ದಂಡ ವಿಧಿಸಿದರೆ ಅದು ಜನರ ತೆರಿಗೆ ಹಣದಿಂದಲೇ ಹೋಗುತ್ತದೆ ಎಂಬ ಕಾರಣಕ್ಕೆ, 2022ರಿಂದ ಅಲ್ಲಿನ ಮಾಹಿತಿ ಆಯುಕ್ತರು ದಂಡಕ್ಕಿಂತ ಎಚ್ಚರಿಕೆಗೆ ಒತ್ತು ನೀಡುತ್ತಾ ಬಂದಿದ್ದಾರೆ.

ಅಮೆರಿಕ: ಇಡೀ ದೇಶಕ್ಕೆ ಅನ್ವಯವಾಗುವ ಸಮಗ್ರ ಖಾಸಗಿತನ ಕಾನೂನು ಇಲ್ಲ, ಸೋರಿಕೆಯನ್ನು ತಿಳಿಸುವ ಬಗ್ಗೆ 50 ರಾಜ್ಯಗಳಲ್ಲೂ ಪ್ರತ್ಯೇಕ ಕಾನೂನುಗಳಿವೆ. ದತ್ತಿ ಸಂಸ್ಥೆ, ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯಗಳ ದಾನಿಗಳ ಮಾಹಿತಿ ನಿರ್ವಹಿಸುತ್ತಿದ್ದ ‘ಬ್ಲ್ಯಾಕ್‌ಬಾಡ್’ ಕಂಪನಿ 2020ರಲ್ಲಿ ದಾಳಿಗೊಳಗಾಯಿತು. 2023ರಲ್ಲಿ 49 ರಾಜ್ಯಗಳೊಂದಿಗೆ ರಾಜಿಯಾಗಿ 4.95 ಕೋಟಿ ಡಾಲರ್ ತೆರಲು ಅದು ಒಪ್ಪಿತು.

ಭಾರತ: ‘ಸರ್ಟ್-ಇನ್’ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕು, ಗಣಕಯಂತ್ರ ವ್ಯವಸ್ಥೆಯ ಚಟುವಟಿಕೆ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ಅವಧಿಯ ದೃಷ್ಟಿಯಿಂದ ಯೂರೋಪಿಗಿಂತ ನಮ್ಮ ನಿಯಮವೇ ಕಠಿಣ. ಇದರ ಜೊತೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಅಧಿಸೂಚನೆಯ ಪ್ರಕಾರ ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕು. ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು.

ಕಾನೂನು ಕೇಳದ ಪ್ರಶ್ನೆ

ಈ ಕಾನೂನುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಬಹುತೇಕ ಎಲ್ಲವೂ ರಕ್ಷಿಸುವುದು ವ್ಯಕ್ತಿಯ ಮಾಹಿತಿಯನ್ನು. ಟಿಕೆಟ್ ಕೊಂಡವನ ಮೊಬೈಲ್ ಸಂಖ್ಯೆ ಸೋರಿಕೆಯಾದರೆ ಗಡುವಿದೆ, ದಂಡವಿದೆ. ಆದರೆ ಹನ್ನೆರಡನೆಯ ಶತಮಾನದ ವಿಗ್ರಹವೊಂದರ ದಾಖಲೆ ಅಳಿಸಿಹೋದರೆ ಈ ದತ್ತಾಂಶ ಕಾನೂನುಗಳು ಮೌನ ವಹಿಸುತ್ತವೆ. ಅಗತ್ಯ ಸೇವೆಗಳ ಸೈಬರ್ ಭದ್ರತೆಗಾಗಿ ಐರೋಪ್ಯ ಒಕ್ಕೂಟ ರೂಪಿಸಿದ ‘ಎನ್ಐಎಸ್-2’ ನಿರ್ದೇಶನದ ಕ್ಷೇತ್ರಗಳ ಪಟ್ಟಿಯಲ್ಲೂ ಸಂಸ್ಕೃತಿ ಎಂಬ ಹೆಸರಿಲ್ಲ.

ದಾಖಲೆ ಅಳಿದರೆ ಏನಾಗುತ್ತದೆ? ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳವಾದ ಚೋಳರ ಕಾಲದ ನಟರಾಜ ವಿಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾಶಾಲೆ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಅದು ಕದ್ದ ಮಾಲೆಂದು ಸಾಬೀತಾಗಲು ಪುದುಚೇರಿಯ ಫ್ರೆಂಚ್ ಸಂಸ್ಥೆಯ ಸಂಗ್ರಹದಲ್ಲಿದ್ದ ಹಳೆಯ ಛಾಯಾಚಿತ್ರ ನೆರವಾಯಿತು. 2014ರ ಸೆಪ್ಟೆಂಬರ್‌ನಲ್ಲಿ ನಟರಾಜ ಭಾರತಕ್ಕೆ ಮರಳಿದ. ಆ ಛಾಯಾಚಿತ್ರ ಇಲ್ಲದಿದ್ದರೆ ವಿಗ್ರಹ ನಮ್ಮದೆಂದು ತೋರಿಸುವುದು ಬಹಳ ಕಷ್ಟವಾಗುತ್ತಿತ್ತು. ದಾಖಲೆ ಎಂಬುದು ಒಡೆತನದ ಸಾಕ್ಷಿ. ಸಾಕ್ಷಿ ಅಳಿಸಿದವನಿಗೆ ವಸ್ತುವನ್ನು ದಕ್ಕಿಸಿಕೊಳ್ಳುವುದು ಸುಲಭ.

ನಮ್ಮ ನಾಡಿನ ಮಟ್ಟಿಗೆ

ಕೇಂದ್ರ ಸರ್ಕಾರವು 2014ರಲ್ಲಿ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ಎಂಬ ರಾಷ್ಟ್ರೀಯ ತಾಣವನ್ನು ಆರಂಭಿಸಿತು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಹೈದರಾಬಾದಿನ ಸಾಲಾರ್ ಜಂಗ್ ಮೊದಲಾದವುಗಳ ಜೊತೆ ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಕೃತಿಗಳೂ ಅಲ್ಲಿ ಸ್ಥಾನ ಪಡೆದವು. ಇದಕ್ಕೆ ಬಳಸಿದ ತಂತ್ರಾಂಶವನ್ನು ಪುಣೆಯ ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ್ದು, ಅದರ ಹೆಸರು ‘ಜತನ್’. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಒಂದೂವರೆ ಶತಮಾನ ದಾಟಿದ ಸರ್ಕಾರಿ ವಸ್ತುಸಂಗ್ರಹಾಲಯವೂ ಇದೆ, ಕಟ್ಟಡ ತೆರೆಯುವ ಮೊದಲೇ 2020ರಲ್ಲಿ ಅಂತರ್ಜಾಲದಲ್ಲಿ ಉದ್ಘಾಟನೆಗೊಂಡ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯವೂ ಇದೆ. ಡಿಜಿಟಲೀಕರಣ ಸ್ವಾಗತಾರ್ಹ. ಆದರೆ ಸ್ಕ್ಯಾನ್ ಮಾಡಿದ ಪುಟಗಳ ಸಂಖ್ಯೆಯನ್ನು ಸಾಧನೆಯಾಗಿ ಎಣಿಸುವ ನಾವು, ಅವುಗಳ ಎಷ್ಟು ಪ್ರತಿಗಳು ಎಲ್ಲಿವೆ ಎಂದು ಕೇಳುವುದು ಅಪರೂಪ.

ದೊಡ್ಡ ಅನುದಾನವಿಲ್ಲದ ಜಿಲ್ಲಾ ಮಟ್ಟದ ಸಂಗ್ರಹಾಲಯವೂ ಮಾಡಬಹುದಾದ ಕೆಲವು ಕೆಲಸಗಳು ಹೀಗಿವೆ:

* ವಸ್ತು ನೋಂದಣಿ ಪುಸ್ತಕವನ್ನು ಸ್ಕ್ಯಾನ್ ಮಾಡಿದ ಮೇಲೂ ಮೂಲ ಪುಸ್ತಕವನ್ನು ವಿಲೇವಾರಿ ಮಾಡಬಾರದು. ಕಾಗದವನ್ನು ಯಾರೂ ಹ್ಯಾಕ್ ಮಾಡಲಾರರು.

* ದಾಖಲೆಗಳ ಮೂರು ಪ್ರತಿಗಳಿರಬೇಕು. ಒಂದು ಪ್ರತಿ ಬೇರೆ ಊರಿನಲ್ಲಿ, ಅಂತರ್ಜಾಲ ಸಂಪರ್ಕವಿಲ್ಲದ ಡಿಸ್ಕ್‌ನಲ್ಲಿರಬೇಕು. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ತೆರೆದು, ಬೇರೆ ಯಂತ್ರದಲ್ಲಿ ಮರಳಿ ಸ್ಥಾಪಿಸಿ ನೋಡಬೇಕು.

* ಕ್ಯಾಮೆರಾ ಮತ್ತು ಎಚ್ಚರಿಕೆ ಗಂಟೆಯ ಜಾಲ ಕಚೇರಿಯ ಇ-ಮೇಲ್ ಇರುವ ಜಾಲದಿಂದ ಪ್ರತ್ಯೇಕವಾಗಿರಬೇಕು.

* ಗುತ್ತಿಗೆ ಮುಗಿದ ದಿನವೇ ಗುತ್ತಿಗೆದಾರನ ಪಾಸ್‌ವರ್ಡ್ ರದ್ದಾಗಬೇಕು. ದೂರದಿಂದ ಪ್ರವೇಶಿಸುವ ಎಲ್ಲರಿಗೂ ಒಟಿಪಿಯಂತಹ ಎರಡನೆಯ ತಪಾಸಣೆ ಕಡ್ಡಾಯವಾಗಬೇಕು.

* ಬೇಡದ ಮಾಹಿತಿಯನ್ನು ಪಡೆಯಲೇಬಾರದು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳ ಸಂಖ್ಯೆ ಸಾಕು. ಪ್ರತಿ ಮಗುವಿನ ಹೆಸರು, ಪೋಷಕರ ಮೊಬೈಲ್ ಸಂಖ್ಯೆ ಏಕೆ?

* ದಾಳಿಯಾದರೆ ಆರು ಗಂಟೆಗಳೊಳಗೆ ಯಾರು ಯಾರಿಗೆ ತಿಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯ ಗೋಡೆಗೆ ಅಂಟಿಸಬೇಕು. ಗಣಕಯಂತ್ರದಲ್ಲೇ ಉಳಿಸಿದರೆ ಅಗತ್ಯ ಬಿದ್ದಾಗ ಅದೂ ತೆರೆಯದು.

ಇವುಗಳಲ್ಲಿ ಬಹುಪಾಲು ಕೆಲಸಗಳಿಗೆ ಹಣಕ್ಕಿಂತ ಶಿಸ್ತು ಬೇಕು. ಲೂವ್ರ್ ಕುರಿತು 2025ರ ನವೆಂಬರ್‌ನಲ್ಲಿ ಪ್ರಕಟವಾದ ಫ್ರಾನ್ಸ್‌ನ ಲೆಕ್ಕಪರಿಶೋಧನಾ ನ್ಯಾಯಾಲಯದ ವರದಿ, ಆ ಸಂಸ್ಥೆಯು ಕಣ್ಣಿಗೆ ಕಾಣುವ ಆಕರ್ಷಕ ಯೋಜನೆಗಳಿಗೆ ಆದ್ಯತೆ ನೀಡಿ ನಿರ್ವಹಣೆ ಮತ್ತು ಭದ್ರತೆಯನ್ನು ಕಡೆಗಣಿಸಿತ್ತು ಎಂದು ಆಕ್ಷೇಪಿಸಿದೆ. ಉದ್ಘಾಟನಾ ಫಲಕದಲ್ಲಿ ಹೆಸರು ಬರುವ ಕೆಲಸಕ್ಕೆ ದೊರೆಯುವ ಹಣ ಬೀಗ ಬದಲಾಯಿಸುವ ಕೆಲಸಕ್ಕೆ ದೊರೆಯುವುದಿಲ್ಲ ಎಂಬ ಮಾತು ಪ್ಯಾರಿಸ್‌ಗೆ ಮಾತ್ರ ಸೀಮಿತವಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಕಾನೂನು ಹೆಚ್ಚೆಂದರೆ ಕೊಳ್ಳೆಯಾದದ್ದನ್ನು ಎಷ್ಟು ಗಂಟೆಗಳೊಳಗೆ ತಿಳಿಸಬೇಕೆಂದು ಹೇಳೀತು, ಬಾಗಿಲು ಹೇಗಿರಬೇಕೆಂದು ಒಂದಿಷ್ಟು ಸೂಚಿಸೀತು. ದಿನವೂ ಸಂಜೆ ಹೋಗಿ ಬಾಗಿಲು ಹಾಕಿದೆಯೇ ಎಂದು ನೋಡುವ ಕೆಲಸ ಮಾತ್ರ ಒಳಗಿದ್ದವರದ್ದೇ. ಕನ್ನಡದಲ್ಲಿ ಅದಕ್ಕೆ ಜತನ ಎಂಬ ಹೆಸರಿದೆ.