ಮಾಗಿಯ ಚಳಿಯಲ್ಲಿ ಹಿತ್ತಲ ಕೋಳಿ

ಬೀದರ್, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್, ಜನವರಿಯ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ಮರುದಿನ ಮಧ್ಯಾಹ್ನ ಅದೇ ಅಂಗಳದಲ್ಲಿ 28–30 ಡಿಗ್ರಿ. ನಮ್ಮ ಚಳಿಗಾಲದ ಕಷ್ಟ ಇರುವುದು ಈ ಏರಿಳಿತದಲ್ಲಿ. ಹಿಮ ಬೀಳುವ ದೇಶಗಳವರ ವಿಡಿಯೊ ನೋಡಿ ಹುಂಜದ ಜುಟ್ಟಿಗೆ ವ್ಯಾಸಲೀನ್ ಸವರುವವರಿದ್ದಾರೆ. ಜುಟ್ಟು ಹೆಪ್ಪುಗಟ್ಟಿ ಕಪ್ಪಾಗುವಷ್ಟು ಚಳಿ ನಮ್ಮ ಊರುಗಳಲ್ಲಿ ಬೀಳುವುದಿಲ್ಲ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಕೋಳಿಯನ್ನು ಕಾಡುವುದು ತೇವ, ನೇರ ಮೈಗೆ ಬಡಿಯುವ ಗಾಳಿ, ಮತ್ತು ಇವೆರಡಕ್ಕೂ ಹೆದರಿ ನಾವು ಮಾಡುವ ಅತಿ ಉಪಚಾರ.

ಬೆಳೆದ ಕೋಳಿಯ ಮೈಶಾಖ 41 ಡಿಗ್ರಿಯ ಆಸುಪಾಸು. ಅದನ್ನು ಕಾಯ್ದುಕೊಳ್ಳುವ ಕೌದಿ ಅದರ ಮೈಮೇಲೆಯೇ ಇದೆ. ಚಳಿಯಾದಾಗ ಕೋಳಿ ಪುಕ್ಕ ಉಬ್ಬಿಸಿ ಉಂಡೆಯಾಗುತ್ತದಲ್ಲ, ಆಗ ಪುಕ್ಕಗಳ ನಡುವೆ ಗಾಳಿ ಸಿಕ್ಕಿಕೊಂಡು ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಕಾಲಿಗೆ ಪುಕ್ಕವಿಲ್ಲ, ನಿಜ. ಆದರೆ ಕಾಲಿಗಿಳಿಯುವ ಬಿಸಿ ರಕ್ತದ ನಾಳಗಳೂ ಅಲ್ಲಿಂದ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಅಕ್ಕಪಕ್ಕದಲ್ಲೇ ಇರುವುದರಿಂದ ಬಿಸಿ ದಾರಿಯಲ್ಲೇ ಕೈಬದಲಾಗಿ ಮೈಯೊಳಗೆ ಉಳಿಯುತ್ತದೆ. ಇಷ್ಟೆಲ್ಲ ಏರ್ಪಾಡು ಕೆಡುವುದು ಎರಡೇ ಕಾರಣಕ್ಕೆ. ಪುಕ್ಕ ನೆನೆದರೆ ಗಾಳಿ ಹಿಡಿಯುವ ಜಾಗವೇ ಇರುವುದಿಲ್ಲ. ಜೋರು ಗಾಳಿ ಬೀಸಿದರೆ ಪುಕ್ಕ ಎದ್ದು ಒಳಗಿನ ಬಿಸಿ ಹಾರಿಹೋಗುತ್ತದೆ. ಕುತ್ತಿಗೆಯಲ್ಲಿ ಪುಕ್ಕವೇ ಇಲ್ಲದ ಬೋಳುಗೊರಳಿನ ತಳಿ ಬೇಸಿಗೆಗೆ ಹೇಳಿಮಾಡಿಸಿದ್ದು. ಚಳಿಯಲ್ಲಿ ಅದಕ್ಕೆ ಉಳಿದವುಗಳಿಗಿಂತ ಬೆಚ್ಚನೆಯ ಮೂಲೆ ಬೇಕು.

ಹಾಗಾಗಿ ಗೂಡಿನ ವಿಚಾರದಲ್ಲಿ ಒಂದನ್ನು ಗಟ್ಟಿಯಾಗಿ ಹೇಳಬೇಕು. ಕೋಳಿ ಕೂರುವ ಮಟ್ಟದಲ್ಲಿ ಗಾಳಿ ನುಗ್ಗಬಾರದು, ಸೂರಿನ ಕೆಳಗೆ ಮಾತ್ರ ಗಾಳಿಯಾಡಲೇಬೇಕು. ಚಳಿಗಾಲದ ಗಾಳಿ ನಮ್ಮಲ್ಲಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಆ ಎರಡು ಮಗ್ಗುಲಿಗೆ ಗೋಣಿಚೀಲವನ್ನೋ ಬಿದಿರು ತಟ್ಟಿಯನ್ನೋ ಕೆಳಗಿನಿಂದ ಕಟ್ಟಿ, ಮೇಲೆ ಅರ್ಧ ಅಡಿಯಷ್ಟು ತೆರೆದಿಡಿ. ಬೆಳಗಿನ ಎಳೆಬಿಸಿಲು ಬರುವುದೂ ಮೂಡಣದಿಂದಲೇ. ಅದಕ್ಕೇ ಪರದೆಯನ್ನು ಮೊಳೆ ಹೊಡೆದು ಬಿಗಿಯಬೇಡಿ, ಸೂರ್ಯ ಏರಿದ ಮೇಲೆ ಸರಿಸುವಂತಿರಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮೊದಲ ಚಳಿ ಬೀಳುತ್ತಿದ್ದಂತೆ ಜನ ಗೂಡನ್ನು ಟಾರ್ಪಾಲಿನಿಂದ ಸುತ್ತಲೂ ಮುಚ್ಚಿಬಿಡುತ್ತಾರೆ. ಒಳಗೆ ಕೋಳಿಗಳ ಉಸಿರಿನ ತೇವ, ಹಿಕ್ಕೆಯ ತೇವ ಎರಡೂ ಸೇರಿ ಬೆಳಿಗ್ಗೆ ಟಾರ್ಪಾಲಿನ ಒಳಮೈಯಲ್ಲಿ ಹನಿ ಇಳಿಯುತ್ತಿರುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಅದು ಕಣ್ಣು ಉರಿಸಿ, ಉಸಿರ್ನಾಳದ ಒಳಪದರವನ್ನು ಕೆಡಿಸಿ, ಸೀನು, ಗೊರಗೊರ ಸದ್ದಿನ ಕಾಯಿಲೆಗಳಿಗೆ ಬಾಗಿಲು ತೆರೆಯುತ್ತದೆ. ಕೋಳಿಗೆ ‘ಥಂಡಿ ಹಿಡಿಯಿತು’ ಎನ್ನುವ ಎಷ್ಟೋ ಪ್ರಸಂಗಗಳಲ್ಲಿ ತಪ್ಪು ಥಂಡಿಯದಲ್ಲ, ಟಾರ್ಪಾಲಿನದು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು, ಬಗ್ಗಿ, ಕೋಳಿಯ ತಲೆಯ ಎತ್ತರದಲ್ಲಿ ಮೂಸಿ ನೋಡಿ. ಘಾಟು ನಿಮ್ಮ ಮೂಗಿಗೆ ತಗುಲಿದರೆ ಕೋಳಿಗೆ ಅದು ಆಗಲೇ ಹೆಚ್ಚಾಗಿದೆ.

ನೆಲಕ್ಕೆ ಮೂರು ನಾಲ್ಕು ಇಂಚು ಭತ್ತದ ಹೊಟ್ಟು ಹಾಸಬಹುದು. ಬಯಲುಸೀಮೆಯಲ್ಲಿ ಶೇಂಗಾ ಸಿಪ್ಪೆ ಸುಲಭ. ದಿನಕ್ಕೊಮ್ಮೆ ಕೆದಕಿ ತಿರುವಿ, ನೀರಿನ ಪಾತ್ರೆಯ ಸುತ್ತ ಒದ್ದೆಯಾದಷ್ಟನ್ನು ಎತ್ತಿ ಹಾಕಿ. ಕೂರಲು ಅಡ್ಡಗೋಲು ಕೊಡುವುದಾದರೆ ಮರದ್ದೇ ಇರಲಿ, ಎರಡು ಇಂಚು ಅಗಲದ್ದು. ಆಗ ಬೆರಳು ಚಪ್ಪಟೆಯಾಗಿ ಊರಿ, ಹೊಟ್ಟೆಯ ಪುಕ್ಕ ಅವುಗಳನ್ನು ಮುಚ್ಚುತ್ತದೆ. ಕಬ್ಬಿಣದ ಪೈಪು ರಾತ್ರಿಯೆಲ್ಲ ಬಿಸಿ ಹೀರುತ್ತದೆ. ಮುಚ್ಚಿದ ಗೂಡಿನೊಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿಯನ್ನು ಮಾತ್ರ ಬಿಟ್ಟೇಬಿಡಿ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಮರಿಗಳ ಮಾತೇ ಬೇರೆ. ಮೇಲೆ ಹೇಳಿದ ಧೈರ್ಯವೆಲ್ಲ ಬೆಳೆದ ಕೋಳಿಗೆ. ಮೊಟ್ಟೆಯೊಡೆದು ಬಂದ ಮರಿಗೆ ಇರುವುದು ತುಪ್ಪುಳ ಮಾತ್ರ. ಮೈಶಾಖವನ್ನು ತಾನೇ ಹಿಡಿದಿಡುವ ಶಕ್ತಿ ಎರಡು ಮೂರು ವಾರದವರೆಗೆ ಅದಕ್ಕೆ ಪೂರ್ತಿ ಬರುವುದಿಲ್ಲ. ಜವಾರಿ ಹೇಂಟೆ ತಾನೇ ಕಾವು ಕೂತು, 21 ದಿನಕ್ಕೆ ಮರಿ ಮಾಡಿ, ರೆಕ್ಕೆಯಡಿ ಇಟ್ಟುಕೊಂಡು ಸಾಕಿದರೆ ನಮಗೆ ಹೆಚ್ಚು ಕೆಲಸವಿಲ್ಲ. ಚಳಿಗಾಲದಲ್ಲಿ ಕಾವಿಗೆ ಇಡುವ ಮೊಟ್ಟೆ ಹತ್ತನ್ನು ಮೀರದಿದ್ದರೆ ಸಾಕು. ಅಂಚಿನ ಮೊಟ್ಟೆ ತಣ್ಣಗಾದರೆ ಕೆಟ್ಟಿತೆಂದೇ ಲೆಕ್ಕ. ಆದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳ ಹೇಂಟೆಗಳನ್ನು ಕಾವಿಗೆ ನಂಬುವಂತಿಲ್ಲ. ಅವುಗಳ ಮರಿ ನಮ್ಮ ಮನೆಗೆ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ, ತಾಯಿಯಿಲ್ಲದೆ. ಹೊಟ್ಟೆಯೊಳಗೆ ಉಳಿದ ಹಳದಿ ಭಂಡಾರದ ಬಲದಿಂದ ಅವು ಎರಡು ದಿನದ ಪ್ರಯಾಣ ತಾಳುತ್ತವೆ. ಚಳಿ ಹೊಡೆದರೆ ಆ ಭಂಡಾರ ಸರಿಯಾಗಿ ಕರಗದೆ ಒಳಗೇ ಕೊಳೆಯುತ್ತದೆ. ಮೂರನೆಯ, ನಾಲ್ಕನೆಯ ದಿನ ಸಾಯುವ ಮರಿಯ ಹೊಟ್ಟೆ ಊದಿಕೊಂಡಿರುವುದು ಹಲವು ಸಲ ಇದರಿಂದಲೇ.

ಮರಿ ಬರುವ ಮೊದಲೇ ಜಾಗ ಬಿಸಿಯಾಗಿರಬೇಕು. ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡನ್ನು ದುಂಡಗೆ ನಿಲ್ಲಿಸಿ. ಚೌಕ ಬೇಡ, ಚಳಿಯಾದರೆ ಮರಿಗಳು ಮೂಲೆಗೆ ಒತ್ತರಿಸಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ ಸುಮಾರು 35 ಡಿಗ್ರಿ ಇರಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಚಳಿಗಾಲದಲ್ಲಿ ಮರಿಗೆ ಎರಡು ವ್ಯಾಟ್ ಎಂಬುದು ಒರಟು ಲೆಕ್ಕ: 50 ಮರಿಗೆ 100 ವ್ಯಾಟ್. ಒಂದೇ ದೊಡ್ಡ ಬಲ್ಬಿಗಿಂತ 60 ವ್ಯಾಟ್‌ನ ಎರಡು ಒಳ್ಳೆಯದು. ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ. ಬಲ್ಬ್ ಹಳೆಯ ತಂತಿಯದೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಮರಿಗೆ ಸಾಲುವಷ್ಟು ಬಿಸಿ ಕೊಡುವುದಿಲ್ಲ. ಹಳೆಯ ಬಲ್ಬ್ ಸಿಗದ ಊರಿನಲ್ಲಿ ಕೋಳಿ ಸಾಮಾನಿನ ಅಂಗಡಿಯ ಇನ್ಫ್ರಾರೆಡ್ ಬಲ್ಬ್ ತನ್ನಿ. ಹೊಟ್ಟಿಗೆ ಬೆಂಕಿ ಹತ್ತದಂತೆ ಅದನ್ನು ವೈರಿನ ಮೇಲೆ ಭಾರ ಬೀಳದ ಹಾಗೆ ಸರಪಣಿಯಿಂದ ತೂಗುಹಾಕಿ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ಮರಿಗಳೇ ಹೇಳುತ್ತವೆ. ಬಲ್ಬಿನಡಿ ಗುಂಪುಗಟ್ಟಿ ಕೀರಲು ದನಿಯಲ್ಲಿ ಚಿಂವ್‌ಗುಟ್ಟುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಸರಿದು ಬಾಯಿ ತೆರೆದು, ರೆಕ್ಕೆ ಜೋತು ಬಿಟ್ಟಿದ್ದರೆ ಸೆಕೆ. ಒಂದೇ ಬದಿಗೆ ಸೇರಿದ್ದರೆ ಎದುರು ಬದಿಯಿಂದ ಗಾಳಿ ಬರುತ್ತಿದೆ ಎಂದೇ ತಿಳಿಯಿರಿ. ಎಲ್ಲೆಡೆ ಹರಡಿ ತಿನ್ನುತ್ತಾ ಮಲಗುತ್ತಾ ಇದ್ದರೆ ಎಲ್ಲ ಸರಿ. ಈ ಗುರುತು ರಾತ್ರಿಗಷ್ಟೇ ಅಲ್ಲ. ಮಧ್ಯಾಹ್ನ 30 ಡಿಗ್ರಿ ತಲುಪುವ ನಮ್ಮ ಊರುಗಳಲ್ಲಿ ಹಗಲೂ ಬಲ್ಬ್ ಉರಿಸಿ ಮರಿಗಳನ್ನು ಬಾಡಿಸುವವರೂ ಇದ್ದಾರೆ. ಕರೆಂಟು ಹೋಗುವ ರಾತ್ರಿಗೆ ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ನಡುವೆ ಇಡಿ.

ಮರಿಗಳು ಬಂದ ಕೂಡಲೇ ಉಗುರುಬೆಚ್ಚನೆಯ ನೀರಿಗೆ ಚೂರು ಬೆಲ್ಲ ಹಾಕಿ ಕುಡಿಸಿ. ಒಂದೆರಡು ಮರಿಯ ಕೊಕ್ಕನ್ನು ಅದ್ದಿ ತೋರಿಸಿದರೆ ಉಳಿದವು ಕಲಿಯುತ್ತವೆ. ಹಿಂಬದಿಗೆ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಬಿಸಿನೀರಿನ ಬಟ್ಟೆಯಿಂದ ನೆನೆಸಿ ತೆಗೆದು, ಒರೆಸಿ ಒಣಗಿಸಿ. ಕಿತ್ತರೆ ಚರ್ಮವೂ ಬರುತ್ತದೆ. ಹೊರಗೆ ಬಿಡುವ ವಯಸ್ಸಾದ ಮೇಲೂ ಹುಲ್ಲಿನ ಇಬ್ಬನಿ ಆರುವವರೆಗೆ ಕಾಯಿರಿ. ಕೊಕ್ಕರೆ ರೋಗದ ಮೊದಲ ಲಸಿಕೆಯನ್ನು ಮೊದಲ ವಾರದಲ್ಲೇ ಕಣ್ಣಿಗೆ ಹನಿ ಹಾಕಿಸಬೇಕು. ಸೀಸೆಯಲ್ಲಿ ನೂರರ ಲೆಕ್ಕದಲ್ಲಿ ಡೋಸ್ ಇರುವುದರಿಂದ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕಾದ್ದರಿಂದ, ನಾಲ್ಕು ಮನೆಯವರು ಸೇರಿ ಹಾಕಿಸುವುದು ಜಾಣತನ.

ಅದೃಷ್ಟಕ್ಕೆ ಮನೆಯಲ್ಲೇ ಜವಾರಿ ಹೇಂಟೆಯೊಂದು ಎರಡು ಮೂರು ವಾರದಿಂದ ಕಾವು ಕೂತಿದ್ದರೆ ಬಲ್ಬಿನ ತಂಟೆಯೇ ಬೇಡ. ಕತ್ತಲಾದ ಮೇಲೆ ಅದರ ಕೆಳಗಿನ ಮೊಟ್ಟೆ ತೆಗೆದು, ಒಂದೆರಡು ದಿನದ ಮರಿಗಳನ್ನು ಮೆಲ್ಲಗೆ ರೆಕ್ಕೆಯಡಿ ಸೇರಿಸಿ. ಬಹುಪಾಲು ಹೇಂಟೆಗಳು ಒಪ್ಪಿಕೊಳ್ಳುತ್ತವೆ. ಬೆಳಿಗ್ಗೆ ಬೇಗ ಎದ್ದು ನೋಡುವುದು ನಿಮ್ಮ ಕೆಲಸ, ಕುಕ್ಕುತ್ತಿದ್ದರೆ ಮರಿಗಳನ್ನು ತೆಗೆದುಬಿಡಿ.

ದೊಡ್ಡ ಕೋಳಿಗಳಿಗೆ ಚಳಿಯಲ್ಲಿ ಹಸಿವು ಹೆಚ್ಚು. ಸಂಜೆ ಗೂಡು ಸೇರುವ ಹೊತ್ತಿಗೆ ಒಡೆದ ಮೆಕ್ಕೆಜೋಳ, ಜೋಳ, ರಾಗಿ ಯಾವುದಾದರೂ ಹಾಕಿದರೆ ಅದು ಕೊರಳ ಚೀಲದಲ್ಲಿ ಕೂತು ರಾತ್ರಿಯಿಡೀ ಅರಗುತ್ತಾ ಮೈ ಬೆಚ್ಚಗಿಡುತ್ತದೆ. ಎರಡು ಮೂರು ಕೋಳಿಗೆ ಒಂದು ಹಿಡಿ ಸಾಕು. ಬರೀ ಕಾಳಿನಲ್ಲೇ ಹೊಟ್ಟೆ ತುಂಬಿದರೆ ಪ್ರೋಟೀನ್ ಸಾಲದು, ಅದರಲ್ಲೂ ಹಳೆ ಪುಕ್ಕ ಉದುರಿ ಹೊಸದು ಬರುತ್ತಿರುವ ಕೋಳಿಗೆ. ಅದಕ್ಕೆ ಶೇಂಗಾ ಹಿಂಡಿ, ಒಣಮೀನಿನ ಪುಡಿ, ಸಿಕ್ಕರೆ ಗೆದ್ದಲು ಕೊಡಿ.

ಮೊಟ್ಟೆ ಕಡಿಮೆಯಾಗುವುದಕ್ಕೂ ಎಲ್ಲರೂ ಚಳಿಯನ್ನೇ ಬೈಯುತ್ತಾರೆ. ಅದಕ್ಕಿಂತ ಹಗಲಿನ ಉದ್ದ ಮುಖ್ಯ. ಹೇಂಟೆ ಚೆನ್ನಾಗಿ ಮೊಟ್ಟೆಯಿಡಲು 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಸುಮಾರು 11 ಗಂಟೆ 20 ನಿಮಿಷ, ಬೀದರ್‌ನಲ್ಲಿ ಅದಕ್ಕಿಂತ ಕಾಲು ಗಂಟೆ ಕಡಿಮೆ. ಇದಕ್ಕೆ ಎಲ್‌ಇಡಿ ಬಲ್ಬೇ ಸಾಕು, ಬೆಳಗಿನ ಜಾವ ನಾಲ್ಕಕ್ಕೆ ಹಾಕಿ ಹಗಲಾದ ಮೇಲೆ ಆರಿಸಬಹುದು. ಸಂಜೆ ಉರಿಸಿ ಥಟ್ಟನೆ ಆರಿಸಿದರೆ ಕತ್ತಲಲ್ಲಿ ಕೋಳಿಗೆ ಅಡ್ಡಗೋಲು ಕಾಣದೆ ನೆಲದಲ್ಲೇ ಉಳಿಯುತ್ತದೆ. ಇನ್ನೂ ಮೊಟ್ಟೆಯಿಡದ ಎಳೆಯ ಹೇಂಟೆಗಳನ್ನು ಈ ಬೆಳಕಿನಿಂದ ದೂರವಿಡಿ. ಮೈ ಬಲಿಯುವ ಮುನ್ನವೇ ಮೊಟ್ಟೆಗೆ ಕೂತರೆ ಸಣ್ಣ ಮೊಟ್ಟೆ ಬರುವುದಲ್ಲದೆ, ಹಿಂಬದಿ ಹೊರಬಂದು ಕೋಳಿಯೇ ಹೋಗುವ ಭಯವೂ ಇರುತ್ತದೆ.