ನಿಮಗಿದು ಗೊತ್ತೇ? ಯಲಹಂಕದ ಪುಟ್ಟ ಹಳಿ, ಟೆಂಟಿನ ರೀಲು

● ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಗೆ 1915ರಲ್ಲಿ ಹಾಕಿದ ಹಳಿಗಳ ನಡುವಿನ ಅಗಲ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಇಂದಿನ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದರ ಅರ್ಧವೂ ಇಲ್ಲ! ಹಳಿ ಕಿರಿದಾದರೆ ಅಗೆಯುವ ಮಣ್ಣು ಕಡಿಮೆ, ಸೇತುವೆ ಸಣ್ಣದು, ತಿರುವು ಇನ್ನಷ್ಟು ಕಡಿದಾದರೂ ನಡೆಯುತ್ತದೆ. ಕಡಿಮೆ ಖರ್ಚಿನಲ್ಲಿ ಹಳ್ಳಿಗಳಿಗೆ ರೈಲು ತಂದದ್ದು ಈ ಲೆಕ್ಕಾಚಾರ.

● ಆಗ ಮೈಸೂರಿನ ದಿವಾನರು ಯಾರು? ಸರ್ ಎಂ. ವಿಶ್ವೇಶ್ವರಯ್ಯ. ಅವರ ಹುಟ್ಟೂರು ಮುದ್ದೇನಹಳ್ಳಿ ಇದೇ ಚಿಕ್ಕಬಳ್ಳಾಪುರದ ಮಗ್ಗುಲಲ್ಲಿದೆ.

● ಯಲಹಂಕಕ್ಕೆ ಎರಡು ಅಳತೆಯ ಹಳಿಗಳು ಬಂದು ಸೇರುತ್ತಿದ್ದವು. ಹಿಂದೂಪುರದ ಕಡೆಯದು ಮೀಟರ್‌ಗೇಜ್, ಚಿಕ್ಕಬಳ್ಳಾಪುರದ ಕಡೆಯದು ನ್ಯಾರೋಗೇಜ್. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಮುಂದಕ್ಕೆ ಹೋಗಬೇಕಾದ ಮೂಟೆಗಳನ್ನು ಇಲ್ಲಿ ಇಳಿಸಿ ಮತ್ತೆ ಏರಿಸಬೇಕಿತ್ತು.

● ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್: ಈ ನಾಲ್ಕು ಸ್ಟೇಷನ್ನುಗಳ ಹಳೆಯ ಕಟ್ಟಡಗಳು ಆ ನ್ಯಾರೋಗೇಜ್ ಕಾಲದವೇ. ಹಳಿ ಬ್ರಾಡ್‌ಗೇಜ್ ಆಯಿತು, ಸ್ಟೇಷನ್ ಮಾತ್ರ ಹಾಗೇ ನಿಂತಿತು. ಹೆಂಚಿನ ಮಾಡು, ನಾಲ್ಕೇ ಹೆಜ್ಜೆಯ ಜಗುಲಿ, ಸುತ್ತ ಮರಗಳು. ಪಾಳುಬಿದ್ದಿದ್ದ ಇವುಗಳ ದುರಸ್ತಿಗೆ ಪರಂಪರೆಯ ಸಂರಕ್ಷಣೆಯಲ್ಲಿ ತೊಡಗಿರುವ ಇನ್‌ಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ರೈಲ್ವೆಯೊಂದಿಗೆ ಕೈಜೋಡಿಸಿತು. ಕೆಡವಿ ಹೊಸದು ಕಟ್ಟುವುದು ಸುಲಭವಿತ್ತು. ಉಳಿಸಿದ್ದು ದೊಡ್ಡ ಕೆಲಸ. ನಂದಿಬೆಟ್ಟಕ್ಕೆ ಕಾರಿನಲ್ಲಿ ನುಗ್ಗುವವರು ಒಮ್ಮೆಯಾದರೂ ನಂದಿ ಹಾಲ್ಟಿನಲ್ಲಿ ನಿಂತು ನೋಡಬೇಕು. ಆವತಿಹಳ್ಳಿ ಸ್ಟೇಷನ್ನಿನ ಆವತಿಯಂತೂ ಯಲಹಂಕ ನಾಡಪ್ರಭುಗಳ ಹಿರಿಯರು ಬಂದು ನೆಲೆಸಿದ ಊರೆಂದೇ ಪ್ರತೀತಿ.

● ಇದೇ ಹಳಿಯ ಮೇಲೆ, ದೊಡ್ಡಜಾಲ ಮತ್ತು ದೇವನಹಳ್ಳಿಯ ನಡುವೆ, 2021ರಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆಂದೇ ಒಂದು ಹಾಲ್ಟ್ ಶುರುವಾಯಿತು.

● ಯಲಹಂಕದ ರೈಲು ಗಾಲಿ ಕಾರ್ಖಾನೆಯನ್ನು ಇಂದಿರಾ ಗಾಂಧಿ ರಾಷ್ಟ್ರಕ್ಕೆ ಅರ್ಪಿಸಿದ್ದು 1984ರ ಸೆಪ್ಟೆಂಬರ್ 15ರಂದು. ಅದು ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ದಿನ! ಸವೆದ ಹಳೇ ಗಾಲಿಗಳೂ ಇಲ್ಲಿನ ಕುಲುಮೆಯಲ್ಲಿ ಕರಗಿ ಹೊಸ ಗಾಲಿಗಳಾಗುತ್ತವೆ.

● ಇನ್ನು ಸಿನಿಮಾ. 1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಿತ್ರಗಳು ತೆರೆಯ ಮೇಲೆ ಮೂಡಿದವು. ಅವುಗಳಲ್ಲೊಂದು ಸ್ಟೇಷನ್ನಿಗೆ ಬಂದು ನಿಲ್ಲುವ ರೈಲು. ನಮ್ಮ ಶಿವಾಜಿನಗರದ ಎಲ್ಗಿನ್ ಟಾಕೀಸ್‌ ಹುಟ್ಟಿದ ವರ್ಷವೂ 1896 ಎನ್ನುತ್ತಾರೆ.

● ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ' ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಚಿತ್ರೀಕರಣ ನಡೆದದ್ದು ದೂರದ ಕೊಲ್ಲಾಪುರದಲ್ಲಿ. ಯಶವಂತಪುರದ ಪಕ್ಕದಲ್ಲೇ ಕಂಠೀರವ ಸ್ಟುಡಿಯೋ ಬರಲು 1966ರವರೆಗೆ ಕಾಯಬೇಕಾಯಿತು.

● ಸಾವಿರ ಅಡಿಯ ಒಂದು ರೀಲು ಓಡುವುದು ಹನ್ನೊಂದು ನಿಮಿಷ. ಎರಡೂವರೆ ಗಂಟೆಯ ಸಿನಿಮಾಕ್ಕೆ ಹದಿಮೂರೂವರೆ ಸಾವಿರ ಅಡಿ ಫಿಲ್ಮು, ನಾಲ್ಕು ಕಿಲೋಮೀಟರಿಗೂ ಮಿಗಿಲು. ಆ ರೀಲು ಡಬ್ಬಗಳು ಊರಿಂದೂರಿಗೆ ರೈಲು, ಬಸ್ಸಿನ ಪಾರ್ಸಲ್ಲಿನಲ್ಲೇ ಬರುತ್ತಿದ್ದವು. ಹಳ್ಳಿಯ ಟೆಂಟ್ ಸಿನಿಮಾದಲ್ಲಿ ಒಂದೇ ಪ್ರೊಜೆಕ್ಟರ್ ಇದ್ದರೆ ರೀಲು ಬದಲಿಸಿದಾಗಲೆಲ್ಲ ಇಂಟರ್ವಲ್ಲು. ನೆಲ, ಬೆಂಚು, ಕುರ್ಚಿ ಎಂದು ಟಿಕೆಟ್ಟಿನ ದರ್ಜೆ. ಸಂಜೆ ಮೈಕಿನಲ್ಲಿ ಘಂಟಸಾಲ ಹಾಡಿದ ವೆಂಕಟೇಶ್ವರ ಸ್ತುತಿ ಕೇಳಿಬಂದರೆ ಟಿಕೆಟ್ ಕೊಡಲು ಶುರುಮಾಡಿದರೆಂದೇ ಅರ್ಥ. ಸುತ್ತಲ ಹಳ್ಳಿಗಳ ಜನ ಅದನ್ನು ಕೇಳಿಯೇ ಹೊರಡುತ್ತಿದ್ದರು.

● ರೈಲು ಮತ್ತು ತೆರೆ ಒಂದಾದ ಕಥೆ ಇನ್ನೊಂದಿದೆ. ಆರ್. ಕೆ. ನಾರಾಯಣ್ ಮೊದಲ ಕಾದಂಬರಿ ಬರೆಯಲು ಕುಳಿತದ್ದು 1930ರಲ್ಲಿ, ಬೆಂಗಳೂರಿನ ಅಜ್ಜಿಯ ಮನೆಯಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ. ಅದರ ಕಲ್ಪನೆಯ ಊರು ಮಾಲ್ಗುಡಿ ಅವರ ಕಣ್ಣಮುಂದೆ ಬಂದದ್ದು ಒಂದು ಪುಟ್ಟ ರೈಲು ಸ್ಟೇಷನ್ನಿನೊಡನೆ. ಅರ್ಧ ಶತಮಾನದ ಮೇಲೆ ಶಂಕರ್‌ನಾಗ್ ಆ ಊರನ್ನು ಕಿರುತೆರೆಗೆ ತಂದಾಗ ಶಿವಮೊಗ್ಗ ಜಿಲ್ಲೆಯ ಅರಸಾಳು ಸ್ಟೇಷನ್ನೇ ಮಾಲ್ಗುಡಿ ಸ್ಟೇಷನ್ ಆಯಿತು. 2020ರಲ್ಲಿ ಅರಸಾಳಿನ ಹಳೆಯ ಕಟ್ಟಡ ಮ್ಯೂಸಿಯಂ ಆಗಿ ತೆರೆಯಿತು. ಅದರ ಹೆಸರು ಮಾಲ್ಗುಡಿ.